ಬಿಳೇದು ಕಡಿಮೆ ಅಂದ ಡಾಕ್ಟರು

ನನ್ನ ತಂಗಿಯನ್ನು ಕೊಂದದ್ದು ಇನ್‌ಫ್ಲುಯೆಂಜಾ ಜ್ವರ, ಹಿರಿಯೂರಿನ ಡಾಕ್ಟರಲ್ಲ. ಅವರು ರಕ್ತ ಹೀರಿದರು ಎಂದು ನಮ್ಮ ಓಣಿಯವರು ಹೇಳಿದ್ದು ಸುಳ್ಳು. ಯಾರ ಬೆರಳು ಚುಚ್ಚಿದರೂ "ಒಂದೇ ಹನಿ, ತಾಯಿ" ಎನ್ನುತ್ತಿದ್ದರು. ಚುಚ್ಚಿದ ಮೇಲೆ ಬೆರಳಿಗೆ ಉಫ್ ಎಂದು ಊದುತ್ತಿದ್ದರು. ಆಮೇಲೆ ಸೂಕ್ಷ್ಮದರ್ಶಕದ ಗಾಜನ್ನು ಪಂಚೆಯ ಅಂಚಿನಿಂದ ಒರೆಸಿ, ಒಂದು ಕಣ್ಣು ಮುಚ್ಚಿ, ಆ ಹನಿಯನ್ನೇ ನೋಡುತ್ತ ಕೂರುತ್ತಿದ್ದರು.

ತಂಗಿಯ ಹನಿ ನೋಡಿ, "ರಕ್ತದಾಗೆ ಬಿಳೇ ಕಣ ಬಾಳ ಕಡಿಮೆ ಆಗ್ಯಾವಮ್ಮ. ಜ್ವರ ತಡೆಯೋ ಕಾವಲು ಅವು," ಎಂದರು.

ನನ್ನ ತಲೆಗೆ ಹೋದದ್ದು ಬಿಳಿ ಎಂಬುದೊಂದೇ. ಎರಡು ದಿನ ಅವಳ ಬಾಯಿಗೆ ಹಾಲು, ಮೊಸರು, ಬೆಣ್ಣೆ ತುರುಕಿದೆ. ಮೂರನೆಯ ದಿನ ಬಂದ ಡಾಕ್ಟರು ಗಡಿಗೆಗಳನ್ನು ನೋಡಿದರು.

"ಇದೇನಮ್ಮ ಇಷ್ಟೊಂದು?"

"ನೀವೇ ಅಂದ್ರಲ್ರೀ, ಬಿಳೇದು ಕಡಿಮೆ ಐತೆ ಅಂತ. ತುಂಬ್ತಾ ಇದೀನಿ."

ಬಾಗಿಲಲ್ಲಿ ನಿಂತಿದ್ದ ನೆರೆಯವಳು, "ಹಂಗಾರೆ ಸುಣ್ಣಾನೂ ಕುಡಿಸೇ!" ಎಂದು ಕಿಸಕ್ಕನೆ ನಕ್ಕಳು.

ಡಾಕ್ಟರು ನಗಲಿಲ್ಲ. "ಅದು ಹೊರಗಿಂದ ತುಂಬೋದಲ್ಲ, ತಾಯಿ. ಜ್ವರ ಬಿಟ್ರೆ ಮೈಯಾಗೇ ಹುಟ್ಬೇಕು," ಎಂದರು.

ಜ್ವರ ಬಿಡಲಿಲ್ಲ. ಅವತ್ತು ಸಂಜೆ ತಂಗಿ ಸತ್ತಳು.

ಮಾರನೆಯ ಬೆಳಿಗ್ಗೆ ನನ್ನ ಮೈಯೂ ಕಾದಿತ್ತು. ಓಣಿಯವರೆಲ್ಲ ಬೇಡವೆಂದರೂ ಆಸ್ಪತ್ರೆಗೆ ನಡೆದುಹೋಗಿ ಡಾಕ್ಟರ ಮುಂದೆ ಬೆರಳು ಚಾಚಿದೆ.