ಬ್ಯಾಂಕಾಕಿನಲ್ಲಿ ಪೈಪಿನ ಕಾಕಾನ ಊಟ

ಮೊನ್ನೆ ಅಥಣಿ ಬಸ್ ಸ್ಟ್ಯಾಂಡಿನ ಎದುರು ಗೋಬಿ ಮಂಚೂರಿ ಗಾಡಿಯವನು ಕಾದ ಬಾಣಲೆಗೆ ಸೋಯಾ ಸಾಸ್ ಸುರಿದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಬ್ಯಾಂಕಾಕಿನ ಒಂದು ಸಂದಿ ಕಣ್ಣ ಮುಂದೆ ಬಂತು, ಪಕ್ಕದಲ್ಲಿ ಬಿಳಿ ಟೊಪ್ಪಿಗೆಯ ಪೈಪಿನ ಕಾಕಾ...

ಕಾಕಾ ನಮ್ಮ ಪಕ್ಕದ ಮನೆಯವರು. ದ್ರಾಕ್ಷಿ ತೋಟಗಳಿಗೆ ಹನಿ ನೀರಾವರಿಯ ಪೈಪು ಮಾರುತ್ತಿದ್ದರು. ಜೈನರು, ಅದೂ ಎಂಥ ಜೈನರು ಅಂತೀರಿ! ಉಳ್ಳಾಗಡ್ಡಿ, ಬಳ್ಳೊಳ್ಳಿ, ಬಟಾಟಿಯ ಮಾತು ಬಿಡಿ, ಹೊತ್ತು ಮುಳುಗಿದ ಮೇಲೆ ಒಂದು ತುತ್ತು ಅನ್ನವನ್ನೂ ಮುಟ್ಟುತ್ತಿರಲಿಲ್ಲ. ನಾನೋ, ಮಟನ್ ಎಂದರೆ ಪ್ರಾಣ ಬಿಡುವವನು. ಪೈಪು ಚೆನ್ನಾಗಿ ಮಾರಿದ್ದಕ್ಕೆ ಕಂಪನಿಯವರು ಅವರಿಗೆ ಇಬ್ಬರ ಬ್ಯಾಂಕಾಕ್ ಪ್ರವಾಸ ಕೊಟ್ಟರು. ಅವರ ಹೆಂಡತಿ ಕಾಕು ಮೊದಲೇ ತೀರಿಹೋಗಿದ್ದರು, ಅವರ ಪಾಲಿನ ಟಿಕೆಟ್ ನನಗೆ ಬಂತು.

ಕಾಕಾನ ಸೊಸೆ ಕಟ್ಟಿಕೊಟ್ಟ ರೊಟ್ಟಿಯ ಚೀಲ ದಾರಿಯಲ್ಲಿ ಎಲ್ಲೋ ತಪ್ಪಿಸಿಕೊಂಡಿತು. ಅಲ್ಲಿಗೆ ಶುರುವಾಯಿತು ನಮ್ಮ ಗ್ರಹಚಾರ. ಬೆಳಗಿನ ತಿಂಡಿಯಲ್ಲಿ ತತ್ತಿಗೂ ಉಪ್ಪಿಟ್ಟಿನಂಥದ್ದಕ್ಕೂ ಒಂದೇ ಸೌಟು. ಮಧ್ಯಾಹ್ನದ ಡಬ್ಬಿಯಲ್ಲಿ ಕೋಳಿ. ಪ್ರವಾಸದವರು ಶುದ್ಧ ಸಸ್ಯಾಹಾರದ ಹೋಟೆಲಿಗೆ ಕರೆದೊಯ್ಯುತ್ತಿದ್ದರು ನಿಜ, ಆದರೆ ಕತ್ತಲಾದ ಮೇಲೆ. ಕಾಕಾ ಬಾಳೆಹಣ್ಣಿನ ಮೇಲೆಯೇ ದಿನ ದೂಡಿದರು. ಅವರ ಎದುರು ಕೂತು ಕೋಳಿ ಕಡಿಯಲು, ರಾತ್ರಿ ಅವರನ್ನು ಬಿಟ್ಟು ಹೋಟೆಲಿನಲ್ಲಿ ಉಣ್ಣಲು ನನಗೆ ಮನಸ್ಸು ಬರಲಿಲ್ಲ. ಕಾಕಾ ಕೇಳಿದಾಗಲೆಲ್ಲ ಉಂಡೆ ಎಂದುಬಿಡುತ್ತಿದ್ದೆ.

ಮರುದಿನ ಸಂಜೆ ಕಾಕಾ ನಡೆಯುವಾಗ ಜೋಲಿ ಹೊಡೆದರು. ಸಕ್ಕರೆ ಕಾಯಿಲೆಯ ಮನುಷ್ಯ, ಸೂರ್ಯ ಕಟ್ಟಡಗಳ ಹಿಂದೆ ಇಳಿಯುತ್ತಿದ್ದಾನೆ, ಇನ್ನೊಂದು ರಾತ್ರಿ ಹೀಗೇ ಕಳೆದರೆ ಊರಿಗೆ ಹೋಗಿ ಏನು ಹೇಳಲಿ? ಕೈ ಹಿಡಿದು ಬೀದಿ ಬೀದಿ ಸುತ್ತಿಸಿದೆ. ಎಲ್ಲಿ ನೋಡಿದರೂ ಮೀನು, ಸಿಗಡಿ, ಹಂದಿ. ಅಷ್ಟರಲ್ಲಿ ಕಾಕಾ ಗಕ್ಕನೆ ನಿಂತರು.

"ಅಲ್ನೋಡ, ನಮ್ಮ ಬಾವುಟ. ಯಾರೋ ಕನ್ನಡದವ್ರು ಅದಾರ."

ಸಂದಿಯ ತುದಿಯ ಸಣ್ಣ ಅಂಗಡಿಯ ಮುಂದೆ ಹಳದಿ-ಕೆಂಪಿನ ಪುಟ್ಟ ಬಾವುಟಗಳ ಸಾಲು. ಗಡಿಯವರಿಗೆ ಆ ಎರಡು ಬಣ್ಣ ಒಟ್ಟಿಗೆ ಕಂಡರೆ ಬೇರೇನೂ ಹೊಳೆಯುವುದಿಲ್ಲ. ಕಾಕಾ ನೆಟ್ಟಗೆ ಒಳಗೆ ಹೋಗಿ ನಮಸ್ಕಾರ್ರಿ ಅಂದರು. ಒಲೆಯ ಮುಂದಿನ ಮುದುಕಿ ಪಿಳಿಪಿಳಿ ನೋಡಿದಳು. ಕನ್ನಡ ತಿಳಿಯದವರೊಡನೆ ಮರಾಠಿ ಆಡುವುದು ನಮ್ಮ ಕಡೆಯ ರೂಢಿ, ಕಾಕಾ ಮರಾಠಿಯಲ್ಲೂ ಕ್ಷೇಮ ವಿಚಾರಿಸಿದರು. ಆಕೆ ಬಾಯ್ತುಂಬ ನಕ್ಕಳು.

ನಾನು ಮೊಬೈಲಿನಲ್ಲಿ ಮೀನು, ತತ್ತಿ, ಉಳ್ಳಾಗಡ್ಡಿ, ಬಳ್ಳೊಳ್ಳಿಯ ಚಿತ್ರ ತೋರಿಸಿದೆ. ಒಂದೊಂದಕ್ಕೂ ಆಕೆ ಇಲ್ಲವೆಂದು ಕೈಯಾಡಿಸಿದಳು. ಅಲ್ಲಿ ಬುದ್ಧನ ಭಕ್ತರಲ್ಲಿ ಕೆಲವರು ಇವನ್ನೆಲ್ಲ ಬಿಟ್ಟು ಉಣ್ಣುತ್ತಾರಂತೆ, ಅಂಥ ಅಡುಗೆ ಇರುವ ಕಡೆ ಆ ಬಾವುಟ ಕಟ್ಟುತ್ತಾರಂತೆ. ಇದು ನಮಗೆ ಗೊತ್ತಾದದ್ದು ಆಮೇಲೆ. ಅನ್ನ, ಸೊಪ್ಪು, ಸೋಯಾ ಸಾಸಿನಲ್ಲಿ ಹುರಿದ ಕುಂಬಳಕಾಯಿ ಬಂತು. ಕಾಕಾ ಹೊರಗೆ ಇಣುಕಿ ಹೊತ್ತು ಮುಳುಗಿಲ್ಲವೆಂದು ಖಾತ್ರಿ ಮಾಡಿಕೊಂಡು ತಾಟನ್ನು ನನ್ನ ಮುಂದಕ್ಕೆ ತಳ್ಳಿದರು.

"ಮೊದಲ ನೀ ಉಣ್ಣು. ನಿನ್ನೆಯಿಂದ ನನ್ನ ಸಲುವಾಗಿ ಉಪಾಸ ಅದಿ. ನನಗ ತಿಳೀದಿಲ್ಲನು?"

ನನಗೆ ಅಳು ಬಂತು, ನಾಚಿಕೆಯೂ ಆಯಿತು. ಇಬ್ಬರೂ ಒಂದೇ ತಾಟಿನಲ್ಲಿ ಉಂಡೆವು...

ಹೋದ ಚಳಿಗಾಲದಲ್ಲಿ ಕಾಕಾ ಹಾಸಿಗೆ ಹಿಡಿದರು. ಜಡ್ಡು ವಾಸಿಯಾಗುವಂಥದ್ದಲ್ಲ ಎಂದು ತಿಳಿದ ಮೇಲೆ ತಮ್ಮ ಧರ್ಮದಂತೆ ಕೊನೆಯುಸಿರಿನವರೆಗೆ ಅನ್ನ ಬಿಡುವ ವ್ರತ ತೊಟ್ಟರು. ಸುದ್ದಿ ಕೇಳಿ ತೋಟದಿಂದ ಹಾಗೇ ಓಡಿದೆ. ಒಂದು ಹನಿ ಹಾಲಾದರೂ ಕುಡಿಯಿರಿ ಎಂದು ಅಂಗಲಾಚಲು ಹಾಸಿಗೆಯತ್ತ ಬಗ್ಗಿದೆ. ಅಷ್ಟರಲ್ಲಿ ಅವರೇ ಕಣ್ಣು ತೆರೆದರು.

"ಉಂಡ್ಯಾ?"

ಉಂಡೇನ್ರಿ ಎಂದೆ. ಕಾಕಾ ಸೊಸೆಯ ಕಡೆ ತಿರುಗಿದರು.

"ಇವ ಉಂಡಿಲ್ಲ. ತಾಟ ಹಚ್ಚ ಇವಗ."

ಅನ್ನ ಬಿಟ್ಟವರ ಮಗ್ಗುಲಲ್ಲಿ ಕೂತು ನಾನು ರೊಟ್ಟಿ ಮುರಿದೆ. ತಾಟು ಬರಿದಾಗುವವರೆಗೂ ಅವರು ನನ್ನಿಂದ ಕಣ್ಣು ತೆಗೆಯಲಿಲ್ಲ.

ಈಗಲೂ ಊರಲ್ಲಿ ಉಂಡೆಯಾ ಎಂದು ಕೇಳುವವರು ಬೇಕಾದಷ್ಟು ಮಂದಿ ಇದ್ದಾರೆ. ಉಂಡೆ ಎಂದರೆ ಎಲ್ಲರೂ ನಂಬಿಬಿಡುತ್ತಾರೆ.