ದೊಡ್ಡಮ್ಮ ಒಗೆದು ಮಡಚಿದ ಅಂಗಿ

ನಮ್ಮ ದೊಡ್ಡಮ್ಮನ ಲಾಂಡ್ರಿಗೆ ಬಟ್ಟೆ ತಂದವರು ಮೊದಲು ಅವಳ ವಿಚಾರಣೆಗೆ ಒಳಗಾಗಬೇಕಿತ್ತು. ಕಲೆಯಾದ ಬಟ್ಟೆಯನ್ನು ಅವಳು ಬಾಗಿಲ ಬೆಳಕಿಗೆ ಹಿಡಿಯುತ್ತಿದ್ದಳು, ಉಗುರಿನಿಂದ ಕೆರೆಯುತ್ತಿದ್ದಳು, ಮೂಸಿ ನೋಡುತ್ತಿದ್ದಳು. ಆಮೇಲೆ ಕಣ್ಣು ಚಿಕ್ಕದು ಮಾಡಿ, "ಯಾವಾಗ ಆಯ್ತು? ಬಿಸಿನೀರು ಹಾಕಿದ್ರಾ? ನಿಜ ಹೇಳಿ" ಎಂದು ಕೇಳುತ್ತಿದ್ದಳು. ಬಿಸಿನೀರು ಹಾಕಿದವರು ತಲೆ ತಗ್ಗಿಸುತ್ತಿದ್ದರು. ಬೀದಿಯವರೆಲ್ಲ ಅವಳನ್ನು ಡಾಕ್ಟ್ರಮ್ಮ ಎಂದು ಕರೆಯುತ್ತಿದ್ದದ್ದು ಇದಕ್ಕೇ.

ಅಂಗಡಿಯೂ ಮನೆಯೂ ಒಂದೇ. ಮುಂದೆ ಇಸ್ತ್ರಿ ಮೇಜು ಮತ್ತು ಬಟ್ಟೆ ಜೋಡಿಸುವ ಮರದ ಗೂಡುಗಳು. ಅದರ ಹಿಂದೆ ಒಂದು ಪರದೆ, ಪರದೆಯಾಚೆ ಮಂಚ ಮತ್ತು ಒಲೆ. ಹಿತ್ತಲಲ್ಲಿ ಸಿಮೆಂಟಿನ ಎರಡು ತೊಟ್ಟಿ, ಅವುಗಳ ನಡುವೆ ಒಂದು ನಲ್ಲಿ. ಒಣಹಾಕುವುದು ಮಹಡಿಯ ಮೇಲೆ. ದೊಡ್ಡಮ್ಮ ಒಗೆಯುತ್ತಿದ್ದಳು, ಇಸ್ತ್ರಿ ಮಾಡುತ್ತಿದ್ದಳು. ದೊಡ್ಡಪ್ಪ ಗಂಟು ಕಟ್ಟಿ ಸೈಕಲ್ಲಿನ ಮೇಲೆ ಮನೆಮನೆಗೆ ತಲುಪಿಸುತ್ತಿದ್ದರು.

"ನಿಧಾನ ಹೋಗ್ರೀ" ಎಂದು ಅವಳು ದಿನಾ ಹೇಳುತ್ತಿದ್ದಳು.

"ನಿಧಾನ ಹೋಗದೆ ಏನ್ ಮಾಡ್ಲಿ? ಇಡೀ ಬೀದಿ ಮಾನ ನನ್ನ ಕ್ಯಾರಿಯರ್ ಮೇಲಿದೆ" ಎಂದು ಅವರು ದಿನಾ ಅದೇ ಉತ್ತರ ಕೊಡುತ್ತಿದ್ದರು.

ದೊಡ್ಡಮ್ಮ ಮದುವೆಯಾಗಿ ಆ ಅಂಗಡಿಗೆ ಬಂದಾಗ ಅವಳ ಅತ್ತೆ ಕಲಿಸಿಕೊಟ್ಟ ಮೊದಲ ಪಾಠ ಸಾಬೂನಿನದಲ್ಲ. ಗಿರಾಕಿಯ ಬಟ್ಟೆ ಕೈತಪ್ಪಿ ನೆಲಕ್ಕೆ ಬಿದ್ದರೆ ಮತ್ತೆ ಒಗೆದು ಕೊಡಬೇಕು, ಆದರೆ ಬಿದ್ದಿತ್ತೆಂದು ಹೇಳಕೂಡದು. ಒಮ್ಮೆ ಹೇಳಿದರೆ ಆ ಗಿರಾಕಿ ಪ್ರತಿ ಸಲವೂ ಬಟ್ಟೆಯನ್ನು ಅನುಮಾನದಿಂದ ನೋಡುತ್ತಾನೆ. ಒಗೆದುಬಿಡು, ಬಾಯಿ ಮುಚ್ಚಿಕೊಂಡಿರು. ಲಾಂಡ್ರಿ ನಡೆಸುವವರೆಲ್ಲ ಪಾಲಿಸುವ ನಿಯಮವಂತೆ ಇದು.

ಅಪಘಾತವಾದದ್ದು ಬೆಳಗಿನ ಹೊತ್ತು, ಪೆಟ್ರೋಲ್ ಬಂಕ್ ದಾಟಿದ ಮೇಲಿನ ತಿರುವಿನಲ್ಲಿ. ಹಾಲಿನ ವ್ಯಾನಿನವನೊಬ್ಬ ಅತ್ತ ಬಂದಾಗ ದೊಡ್ಡಪ್ಪ ರಸ್ತೆಯಂಚಿನಲ್ಲಿ ಜ್ಞಾನ ತಪ್ಪಿ ಬಿದ್ದಿದ್ದರು. ಬಟ್ಟೆಗಳು ರಸ್ತೆಯುದ್ದಕ್ಕೂ ಚೆಲ್ಲಿದ್ದವು. ಅವನು ಒಳ್ಳೆಯವನು. ದೊಡ್ಡಪ್ಪನನ್ನೂ ಸೈಕಲ್ಲನ್ನೂ ಬಟ್ಟೆಗಳನ್ನೂ ವ್ಯಾನಿಗೆ ಹಾಕಿಕೊಂಡು ಆಸ್ಪತ್ರೆಗೆ ಬಂದ. "ಏನಾಯ್ತು?" ಎಂದು ಆಸ್ಪತ್ರೆಯವರು ಕೇಳಿದಾಗ, ತಾನು ಕಂಡಷ್ಟನ್ನೇ ಹೇಳಿದ: "ಸೈಕಲ್ಲಿಂದ ಬಿದ್ದಿದಾರೆ." ಅವರು ಹಾಗೆಯೇ ಬರೆದುಕೊಂಡರು. ಆಮೇಲೆ ಅವನೇ ಅಂಗಡಿ ಹುಡುಕಿಕೊಂಡು ಬಂದು ದೊಡ್ಡಮ್ಮನಿಗೆ ಸುದ್ದಿ ಹೇಳಿ, ಸೈಕಲ್ಲನ್ನೂ ಬಟ್ಟೆಗಳ ಗಂಟನ್ನೂ ಇಳಿಸಿ ಹೋದ.

ನರ್ಸ್ ದೊಡ್ಡಪ್ಪನ ಅಂಗಿ, ಪ್ಯಾಂಟನ್ನು ಒಂದು ಚೀಲದಲ್ಲಿ ಹಾಕಿ ದೊಡ್ಡಮ್ಮನ ಕೈಗೆ ಕೊಟ್ಟಳು. ಹೊದಿಕೆ, ಲೋಟ ತರಲು ದೊಡ್ಡಮ್ಮ ಮನೆಗೆ ಬಂದಳು. ಚೀಲ ತೆರೆದಳು. ರಕ್ತದ ಕಲೆಗೆ ತಕ್ಷಣ ತಣ್ಣೀರು ಬೀಳಬೇಕು, ತಡವಾದಷ್ಟೂ ಕಚ್ಚಿಕೊಳ್ಳುತ್ತದೆ. ಅವಳು ಯೋಚಿಸಲಿಲ್ಲ. ತೊಟ್ಟಿಗೆ ನೀರು ಬಿಟ್ಟು ಅದರಲ್ಲಿ ಮುಳುಗಿಸಿದಳು. ಆಮೇಲೆ ವ್ಯಾನಿನವನು ಇಳಿಸಿಹೋಗಿದ್ದ ಗಂಟು ಕಣ್ಣಿಗೆ ಬಿತ್ತು. ಅದನ್ನೂ ಬಿಚ್ಚಿದಳು. ಬ್ಯಾಂಕಿನಲ್ಲಿ ಕೆಲಸ ಮಾಡುವ ಬೀದಿಯವರೊಬ್ಬರ ಅಂಗಿಗಳಿಗೆ ಮಣ್ಣು ಮೆತ್ತಿತ್ತು. ಹೊಲಿಗೆ ಟೀಚರ ಮನೆಯ ಬಿಳಿ ಪರದೆಯ ಮೇಲೆ ಅಡ್ಡಡ್ಡಲಾಗಿ ಕಾರಿನ ಟೈರಿನ ಅಚ್ಚು ಕಪ್ಪಗೆ ಮೂಡಿತ್ತು. ಅವಳು ಅಳುತ್ತಲೇ ತಿಕ್ಕಿದಳು. ಸೀಮೆಎಣ್ಣೆ, ಸಾಬೂನು, ಬಿಸಿಲು, ಮತ್ತೆ ಸಾಬೂನು. ಆಸ್ಪತ್ರೆಗೂ ತೊಟ್ಟಿಗೂ ಓಡಾಡಿಕೊಂಡೇ ಎಲ್ಲವನ್ನೂ ಬೆಳ್ಳಗೆ ಮಾಡಿ, ಇಸ್ತ್ರಿ ಹಾಕಿ, ತಾನೇ ಹೊತ್ತು ಮನೆಮನೆಗೆ ಕೊಟ್ಟು ಬಂದಳು.

"ಯಾಕೆ ತಡ ಡಾಕ್ಟ್ರಮ್ಮ?" ಎಂದು ಬ್ಯಾಂಕಿನವರು ಕೇಳಿದರು.

"ನಲ್ಲೀಲಿ ನೀರು ಬರ್ಲಿಲ್ಲ ಸಾರ್."

"ಯಜಮಾನ್ರು ಎಲ್ಲಿ?"

"ಊರಿಗೆ ಹೋಗಿದಾರೆ."

ದೊಡ್ಡಪ್ಪ ಮಾತಾಡುವಷ್ಟು ಚೇತರಿಸಿಕೊಂಡ ಮೇಲೆ ಹೇಳಿದರು: "ಹಿಂದಿನಿಂದ ಕಾರು ಕಣೇ. ಬೂದು ಬಣ್ಣದ್ದು. ಗುದ್ದಿದ ಮೇಲೆ ಒಂಚೂರು ನಿಧಾನ ಮಾಡ್ದ. ನಿಲ್ಲಿಸ್ತಾನೆ ಅಂದ್ಕೊಂಡೆ. ಹೊರಟೇ ಹೋದ."

ಎಡಗಾಲಿನ ಮೂಳೆ ಎರಡು ಕಡೆ ಮುರಿದಿತ್ತು. ಓರೆಯಾಗಿ ಕೂಡಿಕೊಳ್ಳುತ್ತಿದೆ, ಆಪರೇಷನ್ ಮಾಡಿ ರಾಡ್ ಹಾಕಬೇಕು ಎಂದರು ಡಾಕ್ಟರು. ಅದೂ ಬೇಗ ಆಗಬೇಕು. ಮೂಳೆ ಹಾಗೆಯೇ ಗಟ್ಟಿಯಾದರೆ ಕಾಲು ಗಿಡ್ಡವಾಗುತ್ತದೆ, ಸೈಕಲ್ ತುಳಿಯುವುದಂತೂ ದೂರದ ಮಾತು. ರಾಡಿನ ಖರ್ಚು ಅವರ ಕೈಗೆ ನಿಲುಕುವಂತಿರಲಿಲ್ಲ. ಗುದ್ದಿ ಓಡಿಹೋದ ಗಾಡಿ ಸಿಗದಿದ್ದರೂ ಸರ್ಕಾರ ಪರಿಹಾರ ಕೊಡುತ್ತದೆ ಎಂದು ತಿಳಿಸಿದ್ದು ಅದೇ ನರ್ಸ್. "ಪೊಲೀಸರಿಗೆ ಹೇಳಿ ಬರೆಸಿ. ಗಾಡಿ ಗುದ್ದಿದ್ದು ಅಂತ ಗೊತ್ತಾದ್ರೆ ಸಾಕು" ಎಂದಳು.

ಗಾಡಿ ಗುದ್ದಿದ್ದಕ್ಕೆ ಏನಾದರೂ ಗುರುತಿದೆಯೇ ಎಂದು ಠಾಣೆಯ ಪೊಲೀಸಿನವನು ಕೇಳಿದ. ಸೈಕಲ್ಲಿನ ಹಿಂದಿನ ಚಕ್ರ ಬಗ್ಗಿದ್ದನ್ನು ದೊಡ್ಡಮ್ಮ ತೋರಿಸಿದಳು.

"ಗುಂಡಿಗೆ ಬಿದ್ರೂ ಹೀಗೇ ಬಗ್ಗುತ್ತಮ್ಮ. ಆವತ್ತು ಹಾಕ್ಕೊಂಡಿದ್ದ ಬಟ್ಟೆ ಎಲ್ಲಿ? ಕಾರಿನ ಪೇಂಟು, ಗ್ರೀಸು ಏನಾದ್ರೂ ಅಂಟಿರುತ್ತೆ."

ದೊಡ್ಡಮ್ಮ ಮನೆಗೆ ಹೋಗಿ ತಂದು ಮೇಜಿನ ಮೇಲಿಟ್ಟಳು. ಅಂಗಿಗೆ ಗಂಜಿ ಹಾಕಿತ್ತು. ಹರಿದ ತೋಳನ್ನು ಹೊಲಿದದ್ದು ಹುಡುಕಿದರೂ ಕಾಣುತ್ತಿರಲಿಲ್ಲ. ಪೊಲೀಸಿನವನು ಅದನ್ನು ತಿರುಗಿಸಿ ಮುರುಗಿಸಿ ನೋಡಿದ.

"ಅಮ್ಮಾ, ಇದನ್ನ ಹಾಕ್ಕೊಂಡು ಮದುವೆಗೆ ಹೋಗ್ಬೋದು" ಎಂದ. ಅವನು ವ್ಯಂಗ್ಯಕ್ಕೆ ಹೇಳಿದ್ದಲ್ಲ, ನಿಜವಾಗಿ ಬೇಜಾರಾಗಿತ್ತು ಅವನಿಗೆ. ತಾನು ಏನು ಮಾಡಿದ್ದೇನೆಂದು ದೊಡ್ಡಮ್ಮನಿಗೆ ಹೊಳೆದದ್ದು ಆಗ. ಅಂಗಿಯನ್ನು ಮತ್ತೆ ಮಡಚಿ ಕಂಕುಳಲ್ಲಿಟ್ಟುಕೊಂಡಳಂತೆ.

ದೂರು ಬರೆಸಿ ಅರ್ಜಿ ಹಾಕಿದ ಮೇಲೆ ಪರಿಹಾರದ ಕಚೇರಿಯಿಂದ ತನಿಖೆಗೆ ಬಂದ ಅಧಿಕಾರಿ ಬೀದಿಯಲ್ಲಿ ನಾಲ್ಕು ಮನೆ ಸುತ್ತಿದ. ಲಾಂಡ್ರಿಯ ಯಜಮಾನರು ಆ ದಿನಗಳಲ್ಲಿ ಊರಿಗೆ ಹೋಗಿದ್ದರು ಎಂದು ಬ್ಯಾಂಕಿನವರು ಹೇಳಿದರು. ಅಪಘಾತದ ಸುದ್ದಿ ಯಾರಿಗೂ ಗೊತ್ತಿರಲಿಲ್ಲ. ಅವಳು ಹೇಳಿದ್ದರಲ್ಲವೇ ಗೊತ್ತಾಗುವುದು?

ಸಾಕ್ಷಿಯಾಗಿ ಉಳಿದಿದ್ದು ಟೀಚರ ಮನೆಯ ಆ ಪರದೆ ಒಂದೇ. ಟೈರಿನ ಕಲೆ ಹಟಮಾರಿ, ಪೂರ್ತಿ ಹೋಗುವುದು ಅಪರೂಪ. ಒಂದು ಗೆರೆಯಾದರೂ ಉಳಿದಿರಬಹುದು ಎಂದು ದೊಡ್ಡಮ್ಮ ಹೊಲಿಗೆ ಟೀಚರ ಮನೆಗೆ ಓಡಿದಳು. ಬಾಗಿಲಲ್ಲೇ ಎಲ್ಲವನ್ನೂ ಹೇಳಿಬಿಟ್ಟಳು.

"ಅಯ್ಯೋ, ನೀರು ಬರ್ಲಿಲ್ಲ ಅಂದಿದ್ರಲ್ಲ?"

"ಸುಳ್ಳು ಹೇಳಿದ್ದೆ ಟೀಚರೇ. ಬೈಯೋದಾದ್ರೆ ಆಮೇಲೆ ಬೈಯ್ರಿ. ಒಂದ್ಸಲ ಪರದೆ ನೋಡ್ಬೇಕು."

ಪರದೆ ಕಿಟಕಿಗೆ ತೂಗುತ್ತಿತ್ತು. ಹಿಂದಿನಿಂದ ಬಿಸಿಲು ಬೀಳುತ್ತಿತ್ತು. ದೊಡ್ಡಮ್ಮ ಅದನ್ನು ಅಂಗೈ ಮೇಲೆ ಹರಡಿಕೊಂಡು ಅಂಚಿನಿಂದ ಅಂಚಿಗೆ ನೋಡಿದಳು. ತಿರುವಿ ನೋಡಿದಳು. ಒದ್ದೆಯಾದರೆ ಜಿಡ್ಡು ಎದ್ದು ಕಾಣುತ್ತದೆಂದು ನೀರು ಕೇಳಿ ಅದ್ದಿ ನೋಡಿದಳು. ಏನೂ ಇರಲಿಲ್ಲ. ಇಷ್ಟು ವರ್ಷದಲ್ಲಿ ಅಷ್ಟು ಚೆನ್ನಾಗಿ ಯಾವ ಕಲೆಯನ್ನೂ ಅವಳು ತೆಗೆದಿರಲಿಲ್ಲ.

ಟೀಚರಿಗೆ ಅವಳ ಮುಖ ನೋಡಲಾಗಲಿಲ್ಲ. "ಟೈರ್ ಗುರುತು ಇತ್ತು, ನಾನೇ ನೋಡಿದೆ ಅಂತ ಹೇಳ್ತೀನಿ ಬಿಡಿ" ಎಂದರು.

"ನೀವು ನೋಡಿಲ್ವಲ್ಲ. ಬೇಡ. ನಂದೊಂದು ಸುಳ್ಳಿಗೇ ಇಷ್ಟಾಗಿದೆ."

ಅಲ್ಲಿಂದ ನೇರ ಬ್ಯಾಂಕಿನವರ ಮನೆಗೆ ಹೋದಳು. ಊರಿಗೆ ಹೋಗಿದ್ದರೆಂದು ತಾನು ಹೇಳಿದ್ದು ಸುಳ್ಳು, ದಯವಿಟ್ಟು ಕಚೇರಿಗೆ ಬಂದು ಅಷ್ಟು ತಿಳಿಸಿ ಎಂದು ಕೇಳಿಕೊಂಡಳು. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಹಾಗಾದ್ರೆ ನನ್ನ ಅಂಗಿಗಳು ರಸ್ತೆ ಮೇಲೆ ಬಿದ್ದಿದ್ವಾ?"

"ಬಿದ್ದಿದ್ವು ಸಾರ್. ಮತ್ತೆ ಒಗ್ದಿದೀನಿ."

"ಅದನ್ನೇ ಹಾಕ್ಕೊಂಡು ನಾನು ಕೆಲಸಕ್ಕೆ ಹೋಗಿದೀನಿ!" ಎಂದರು ಅವರು. ದೊಡ್ಡಪ್ಪನ ಕಾಲಿನ ಬಗ್ಗೆ ಕೇಳಲಿಲ್ಲ. ಕಚೇರಿಗೂ ಬರಲಿಲ್ಲ. ಆಮೇಲೆ ಅವರ ಮನೆಯಿಂದ ಬಟ್ಟೆಯೂ ಬರಲಿಲ್ಲ.

ಕಚೇರಿಯಲ್ಲಿ ಅವಳ ಸರದಿ ಬಂದಾಗ ಅದೇ ಅಧಿಕಾರಿ ಕೂತಿದ್ದ. ಅವನಿಗೆ ಕೋಪವೇನೂ ಇರಲಿಲ್ಲ. ನೆಗಡಿಯಾಗಿತ್ತು, ಮಾತಿನ ನಡುವೆ ಮೂಗು ಒರೆಸಿಕೊಳ್ಳುತ್ತಿದ್ದ.

"ಆಸ್ಪತ್ರೇಲಿ ಸೈಕಲ್ಲಿಂದ ಬಿದ್ರು ಅಂತ ಬರೆದಿದೆ. ಬೀದೀಲಿ ಊರಿಗೆ ಹೋಗಿದಾರೆ ಅಂದಿದೀರಿ. ಇಲ್ಲಿ ಕಾರು ಅಂತೀರಿ. ನಾನು ಯಾವುದನ್ನ ನಂಬ್ಲಿ?"

"ಅವರ ಕಾಲನ್ನ ನಂಬಿ ಸಾರ್."

"ಮುರಿದಿದೆ ಅಂತ ಕಾಲು ಹೇಳುತ್ತೆ. ಯಾರು ಮುರಿದ್ರು ಅಂತ ಹೇಳಲ್ವಲ್ಲಮ್ಮ."

"ಟೈರಿನ ಅಚ್ಚು ನಾನೇ ಕಣ್ಣಾರೆ ನೋಡಿದೀನಿ. ಈ ಕೈಯಲ್ಲೇ ತೊಳ್ದಿದೀನಿ."

"ತೊಳ್ದಿದ್ದನ್ನ ನಾನು ಹೇಗೆ ನೋಡ್ಲಿ?" ಎಂದು ಅವನು ಮುಂದಿನವರನ್ನು ಕರೆದ.

ಅರ್ಜಿ ತಿರಸ್ಕಾರವಾಯಿತು. ಮೇಲಿನವರಿಗೆ ಹೋಗಬಹುದಿತ್ತು. ಆದರೆ ಅದು ಮುಗಿಯುವಷ್ಟು ಕಾಲ ಮೂಳೆ ಕಾಯುವುದಿಲ್ಲ ಎಂದು ಡಾಕ್ಟರು ಹೇಳಿದರು. ಸಾಲಕ್ಕೆ ಅಲೆದದ್ದೂ ಆಯಿತು. ಸೈಕಲ್ ನಿಂತ ಲಾಂಡ್ರಿಗೆ ಅಷ್ಟು ದೊಡ್ಡ ಸಾಲ ಕೊಡುವವರು ಯಾರೂ ಸಿಗಲಿಲ್ಲ.

ಅರ್ಜಿ ತಳ್ಳಿಹಾಕಿದ ದಿನ ಕಚೇರಿಯಿಂದ ಬಂದವಳನ್ನು ದೊಡ್ಡಪ್ಪ ಮಂಚದ ಮೇಲಿಂದಲೇ ಕೇಳಿದರು. "ಏನಂದ್ರು?"

"ನೀವೇ ಬಿದ್ರಂತೆ."

ದೊಡ್ಡಪ್ಪ ನಕ್ಕರು. ನಗುವಾಗ ಕಾಲು ಅಲುಗಿ ನೋವಾಗಿ ನಿಲ್ಲಿಸಿದರು. "ಆ ಕಾರಿನವನೂ ಅವನ ಕಾರನ್ನ ಇಷ್ಟು ಚೆನ್ನಾಗಿ ತೊಳ್ದಿರಲ್ಲ ಕಣೇ" ಎಂದರು.

ತಮಾಷೆಗೆಂದೇ ಹೇಳಿದ್ದು. ಅವಳು ಹಿಂಬಾಗಿಲು ದಾಟಿ ಹಿತ್ತಲಿಗೆ ಹೋದಳು. "ಏ, ಸುಮ್ನೆ ಅಂದೆ ಕಣೇ, ಬಾರೇ ಇಲ್ಲಿ" ಎಂದು ಅವರು ಕರೆಯುತ್ತಲೇ ಇದ್ದರು. ಎದ್ದು ಹೋಗಿ ಸಮಾಧಾನ ಮಾಡಲು ಅವರಿಂದ ಆಗುತ್ತಿರಲಿಲ್ಲ.

ಕಾಲು ಗಟ್ಟಿಯಾಯಿತು, ಗಿಡ್ಡವಾಗಿಯೇ. ಈಗ ದೊಡ್ಡಪ್ಪ ಎತ್ತರದ ಸ್ಟೂಲಿನ ಮೇಲೆ ಕೂತು ಇಸ್ತ್ರಿ ಮಾಡುತ್ತಾರೆ, ದೊಡ್ಡಮ್ಮ ಗಂಟು ಹೊತ್ತು ನಡೆಯುತ್ತಾಳೆ. ಮೊದಲ ಸಲ ಕೋಲು ಊರಿ ಅವರು ಬಾಗಿಲತನಕ ಬಂದಾಗ ಪ್ಯಾಂಟಿನ ಎಡಗಾಲಿನ ಅಂಚು ಹಿಮ್ಮಡಿಯಡಿ ಸಿಕ್ಕಿ ಬೀಳುವಂತಾಯಿತು. ದೊಡ್ಡಮ್ಮ ಅವರನ್ನು ಹಿಡಿದು ನಿಲ್ಲಿಸಿದಳು. ಮೊಣಕಾಲೂರಿ ಕೂತು, ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು, "ನೇರ ನಿಂತ್ಕೊಳ್ರಿ" ಎಂದಳು.

"ನೇರ ನಿಂತಿದೀನಿ ಕಣೇ. ಇಷ್ಟೇ."

ಅವಳು ಆ ಅಳತೆಗೆ ಎಡಗಾಲಿನ ಅಂಚನ್ನು ಮಡಚಿ ಪಿನ್ನು ಚುಚ್ಚಿದಳು. ಆಮೇಲೆ ಗೂಡಿನಿಂದ ಅವರ ಉಳಿದ ಪ್ಯಾಂಟುಗಳನ್ನೂ ತೆಗೆದು, ಬಾಗಿಲ ಬೆಳಕಿನಲ್ಲಿ ಕೂತು, ಒಂದೊಂದಾಗಿ ಎಡಗಾಲನ್ನು ಗಿಡ್ಡ ಮಾಡಿ ಹೊಲಿದಳು.