ಪರಸು ಕಾಕಾನ ಅಳತೆಯ ಬೂಟು

ನಿನ್ನೆ ಬೆಟಗೇರಿಯಲ್ಲಿ ಒಂದು ಚಪ್ಪಲಿ ಅಂಗಡಿಯ ಮೆಟ್ಟಿಲು ಹತ್ತಿದೆ ನೋಡಿ, ಹೊಸ ರಬ್ಬರಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕಾಲ್ಬೆರಳುಗಳು ತಾವಾಗಿಯೇ ಒಳಕ್ಕೆ ಮುದುಡಿಕೊಂಡವು. ನಿಮಗೆ ಆ ವಾಸನೆಯಿಂದ ಹಬ್ಬವೋ ಮದುವೆಯೋ ಶಾಲೆಯ ಮೊದಲ ದಿನವೋ ನೆನಪಾಗಬಹುದು. ನನಗೆ ಮೊದಲು ನೆನಪಾಗುವುದು ಅವಮಾನ, ಆಮೇಲೆ ಒಂದು ಗುಡಿಯ ಒದ್ದೆ ನೆಲ. ಅಂಗಡಿಯವನು ನನ್ನ ಕಾಲನ್ನು ನೋಡಿದ, ಮುಖವನ್ನು ನೋಡಿದ, ಮತ್ತೆ ಕಾಲನ್ನು ನೋಡಿದ.

"ಇವೆರಡೂ ನಿಮ್ಮವ ಏನ್ರಿ?"

"ಹೌದ್ರಿ, ಹುಟ್ಟಿದಾಗಿಂದ" ಎಂದೆ.

ಅವನದೇನೂ ತಪ್ಪಿಲ್ಲ. ನನ್ನ ಪಾದದ ಉದ್ದ ಏಳನೆಯ ಇಯತ್ತೆಯ ಹುಡುಗನದು, ಅಗಲ ಗರಡಿಮನೆಯ ಪೈಲ್ವಾನನದು. ರೊಟ್ಟಿ ತಟ್ಟುತ್ತಿರುವಾಗ ಯಾರೋ ಬಾಗಿಲು ಬಡಿದರೆಂದು ಅರ್ಧಕ್ಕೇ ಬಿಟ್ಟು ಎದ್ದುಹೋದರೆ ಹಲಗೆಯ ಮೇಲೆ ಏನು ಉಳಿಯುತ್ತದೆ, ಅದಕ್ಕೆ ಐದು ಬೆರಳು ಅಂಟಿಸಿಕೊಳ್ಳಿ. ಅಗಲ ನೋಡಿ ಬೂಟು ಕೊಂಡರೆ ತುದಿಯಲ್ಲಿ ಒಂದು ಬದನೆಕಾಯಿ ಇಡುವಷ್ಟು ಜಾಗ ಉಳಿಯುತ್ತದೆ. ಉದ್ದ ನೋಡಿ ಕೊಂಡರೆ ಕಿರುಬೆರಳನ್ನು ಮನೆಯಲ್ಲಿ ಬಿಟ್ಟು ಬರಬೇಕಾಗುತ್ತದೆ. ಹಾಗಾಗಿ ಬಹುಕಾಲ ನಾನು ಚಪ್ಪಲಿಯ ಮನುಷ್ಯ. ಚಪ್ಪಲಿಗೆ ದೊಡ್ಡ ಮನಸ್ಸು. ಹೆಚ್ಚಾದದ್ದನ್ನು ಪಕ್ಕಕ್ಕೆ ಸುರಿಯಲು ಬಿಡುತ್ತದೆ.

ಇಂಥ ಕಾಲು ಇಟ್ಟುಕೊಂಡವನು ಸುಮ್ಮನಿರಬೇಕಿತ್ತು. ಹೋದ ವರ್ಷ ನನಗೆ ಸ್ನೋಬೋರ್ಡಿಂಗ್ ಕಲಿಯುವ ಹುಚ್ಚು ಹತ್ತಿತು. ಎರಡೂ ಕಾಲನ್ನು ಒಂದೇ ಹಲಗೆಗೆ ಬಿಗಿದುಕೊಂಡು ಹಿಮದ ಗುಡ್ಡದಿಂದ ಜಾರುವುದು. ಕಾಲೇಜಿನ ಗೆಳೆಯರು ಉತ್ತರದ ಬೆಟ್ಟಗಳಿಗೆ ಹೊರಟಿದ್ದರು. ನಾನೂ ಬರುತ್ತೇನೆಂದು ಎದೆ ತಟ್ಟಿಕೊಂಡೆ. ಅಲ್ಲಿಯವರೆಗೆ ನಾನು ಮುಟ್ಟಿದ ಅತಿ ತಣ್ಣನೆಯ ವಸ್ತುವೆಂದರೆ ಐಸ್ ಕ್ಯಾಂಡಿ. ತಾಲೀಮು ಬೇಕಲ್ಲ ಎಂದು ಹಿರೇವಡ್ಡಟ್ಟಿಯ ಗೆಳೆಯನೊಬ್ಬನ ಹೊಲಕ್ಕೆ ಹೋಗಿ, ಶೇಂಗಾ ಹೊಟ್ಟಿನ ಬಣವೆಯ ಮೇಲಿಂದ ಹಳೆಯ ಬಾಗಿಲಿನ ಹಲಗೆಯ ಮೇಲೆ ನಿಂತು ಜಾರಿದೆ. ಹಲಗೆ ಬಣವೆಯಲ್ಲೇ ನಿಂತಿತು, ನಾನು ಮಾತ್ರ ಜಾರಿದೆ. ದನಗಳು ನೀರು ಕುಡಿಯುವ ಕಲ್ಲುಬಾನಿಯಲ್ಲಿ ನನ್ನ ಮೊದಲ ಪಾಠ ಮುಗಿಯಿತು. ಎಮ್ಮೆಯೊಂದು ಕುಡಿಯುವುದನ್ನು ಬಿಟ್ಟು ಪಕ್ಕಕ್ಕೆ ಸರಿದು ನಿಂತಿತು, ಮಕ್ಕಳ ಚೇಷ್ಟೆ ಕಂಡು ದೊಡ್ಡವರು ನಿಂತುಕೊಳ್ಳುವ ಹಾಗೆ.

ಬೀಳುವುದು ಕಷ್ಟವಲ್ಲ, ಬೂಟು ಕಷ್ಟ. ಆ ಬೂಟಿನಲ್ಲಿ ಹಿಮ್ಮಡಿ ಕೂದಲೆಳೆಯಷ್ಟೂ ಮೇಲೇಳಬಾರದು. ಬೆರಳುಗಳು ತುದಿಯನ್ನು ಮುಟ್ಟಿಯೂ ಮುಟ್ಟದ ಹಾಗಿರಬೇಕು. ಪಕ್ಕದಲ್ಲಿ ಒತ್ತಿದರೆ ರಕ್ತ ಓಡುವುದಿಲ್ಲ; ಹಿಮದಲ್ಲಿ ರಕ್ತ ಓಡದಿದ್ದರೆ ಬೆರಳೇ ಹೋಗಬಹುದು. ಗದುಗಿನಲ್ಲಿ ಕೇಳಿದೆ, ಹುಬ್ಬಳ್ಳಿಯಲ್ಲಿ ಕೇಳಿದೆ. ಒಬ್ಬರು ಮಳೆಗಾಲದ ಗಂಬೂಟು ತೋರಿಸಿದರು. ಕೊನೆಗೆ ಆನ್‌ಲೈನಿನಲ್ಲಿ ತರಿಸುವುದು, ತೊಡುವುದು, ಕೂಗುವುದು, ವಾಪಸು ಕಳಿಸುವುದು ಶುರುವಾಯಿತು. ಗದುಗಿನ ನನ್ನ ಕೋಣೆಗೆ ಪಾರ್ಸೆಲ್ ತರುವ ಮಾಬುಸಾಬ್ ಒಂದು ದಿನ ಬೈಕಿನಿಂದ ಇಳಿಯಲೇ ಇಲ್ಲ.

"ಅಣ್ಣಾರ, ಇಲ್ಲೇ ತೆರದು ಹಾಕ್ಕೊಂಡು ನೋಡ್ರಿ. ನಾ ಗಾಡಿ ಬಂದ್ ಮಾಡಂಗಿಲ್ಲ. ವಾಪಸ್ ಒಯ್ಯಾಂವ ಹೆಂಗೂ ನಾನ."

"ಈ ಸಲ ಹೊಂದತಾವ ತಗೋ, ಮಾಬುಸಾಬ."

"ಹೋದ ಸಲಾನೂ ಹಿಂಗ ಅಂದಿದ್ರಿ. ಬೂಟು ಬದಲಿ ಮಾಡೂದು ಬಿಟ್ಟು ಕಾಲು ವಾಪಸ್ ಮಾಡಾಕ ಬರತೈತೇನ ಕೇಳ್ರಿ."

ಕಡೆಗೂ ಒಂದು ಜೊತೆ ಸಿಕ್ಕಿತು. ಬೆಟ್ಟದ ಊರಿನಿಂದ ಯಾರೋ ಮಾರಲು ಇಟ್ಟಿದ್ದ ಹಳೆಯ ಬೂಟು. ಹೆಂಗಸರದು. ನೇರಳೆ ಬಣ್ಣ, ಪಕ್ಕದಲ್ಲಿ ಬಿಳಿ ಹೂವುಗಳು. ಮಾಬುಸಾಬ್ ಅದನ್ನು ನೋಡಿ, ಗೌರವದಿಂದ ಬೇರೆ ಕಡೆ ಮುಖ ತಿರುಗಿಸಿದ. ಕಾಲು ಒಳಗಿಟ್ಟೆ. ಹಿಮ್ಮಡಿ ಕೂತಿತು, ಅಗಲ ಕೂತಿತು, ಕಿರುಬೆರಳಿನ ಪಕ್ಕದ ಗಂಟಿಗೂ ಜಾಗ ಇತ್ತು. ಈ ಬೂಟಿನ ಒಳಗಿನ ಮೆತ್ತೆ ತೊಟ್ಟವರ ಕಾಲಿನ ಬಿಸಿಗೆ ಅವರದೇ ಆಕಾರ ಪಡೆಯುತ್ತದೆ ಎಂದು ಓದಿದ್ದೆ. ಕೈ ಹಾಕಿ ತಡವಿದೆ. ಒಳಗೆ ಯಾರದೋ ಪಾದದ ಅಚ್ಚು ಇತ್ತು. ಬೆರಳಿನಿಂದ ಬೆರಳಿಗೆ ಅದು ನನ್ನದೇ ಆಗಿತ್ತು. ಜೀವನದಲ್ಲಿ ಮೊದಲ ಸಲ ಒಂದು ಬೂಟು ಹೊಂದಿತ್ತು; ಖುಷಿಯಾಗಬೇಕಿತ್ತು. ಕತ್ತಿನ ಹಿಂದೆ ಕೂದಲು ಎದ್ದು ನಿಂತವು.

ಇಂಥ ಕಾಲು ನಮ್ಮ ಮನೆಯಲ್ಲಿ ನನ್ನೊಬ್ಬನದೇ ಅಲ್ಲ. ನನ್ನ ಅಪ್ಪನ ತಮ್ಮ ಪರಸು ಕಾಕಾನದೂ ಹೀಗೇ ಇತ್ತು. ಅವನಿಗೆ ಅದು ಬಂದದ್ದು ಅವನ ತಾಯಿಯಿಂದ, ಅಂದರೆ ನನ್ನ ಆಯಿಯಿಂದ. ಕಾಕಾ ಲಾರಿ ಡ್ರೈವರ್. ಒಣಮೆಣಸಿನಕಾಯಿ ಹೇರಿಕೊಂಡು ಉತ್ತರಕ್ಕೆ ಹೋಗಿ, ಸೇಬು ತುಂಬಿಕೊಂಡು ಬರುತ್ತಿದ್ದ. ಬೂಟು ಹೊಂದುವುದಿಲ್ಲವೆಂದು ಎಲ್ಲ ಕಾಲದಲ್ಲೂ ಚಪ್ಪಲಿಯಲ್ಲೇ ಗಾಡಿ ಓಡಿಸುತ್ತಿದ್ದ. ನಾನು ಸಣ್ಣವನಿದ್ದಾಗ, ಒಂದು ಚಳಿಗಾಲ, ಘಟ್ಟದ ರಸ್ತೆಯೊಂದರಲ್ಲಿ ಹಿಮದ ನಡುವೆ ಅವನ ಲಾರಿ ನಿಂತದ್ದು ಬೇರೆ ಡ್ರೈವರುಗಳಿಗೆ ಸಿಕ್ಕಿತು. ಬಾಗಿಲು ತೆರೆದಿತ್ತು. ಚಪ್ಪಲಿ ಒಳಗೇ ಇದ್ದವು. ಕಾಕಾ ಇರಲಿಲ್ಲ. ಹುಡುಕಿದವರು ಚಪ್ಪಲಿಯನ್ನಷ್ಟೇ ನಮ್ಮೂರು ಲಕ್ಷ್ಮೇಶ್ವರಕ್ಕೆ ತಂದುಕೊಟ್ಟರು.

ನಮ್ಮಲ್ಲಿ ಸತ್ತವರ ದಿನ ಮಾಡುವಾಗ, ಮುಂದಿನ ದಾರಿಗೆ ಬೇಕೆಂದು ಒಂದು ಕೊಡೆ, ಒಂದು ಜೊತೆ ಕಾಲ್ಮರಿ, ಅಂದರೆ ಚಪ್ಪಲಿ, ದಾನ ಕೊಡುತ್ತಾರೆ. ಕಾಕಾನ ದಿನ ಮಾತ್ರ ನಡೆಯಲೇ ಇಲ್ಲ. ಆಯಿ ಬಿಡಲಿಲ್ಲ. ಅಪ್ಪ ಪ್ರತಿ ವರ್ಷ ಮೆತ್ತಗೆ ಮಾತು ತೆಗೆಯುತ್ತಿದ್ದ.

"ಅವ್ವಾ, ಈ ವರ್ಷರ ಪರಸುಂದು ಮಾಡಿ ಮುಗಸೂನು. ಅಂವಗೂ ಒಂದು ದಾರಿ ಆಗಬೇಕಲಾ."

"ದಾರಿಗೆ ಏನು ಹಾಕ್ಕೊಂಡು ಹೋಗಬೇಕಂವ? ಹಿಮದಾಗ ಕಾಲ್ಮರಿ ಏನು ಮಾಡತಾವು? ಅವನ ಅಳತಿ ಬೂಟು ತಾ, ಆಮ್ಯಾಲ ಮಾತಾಡು. ಬರಿಗಾಲಾಗ ನಾ ಅವನ್ನ ಕಳಸಂಗಿಲ್ಲ."

ಆಯಿ ಒಳಗೆ ಹೋಗಿ, ಇಲ್ಲದ ಮಗನಿಗೂ ಒಂದು ರೊಟ್ಟಿ ಹೆಚ್ಚು ಬಡಿಯುತ್ತಿದ್ದಳು.

ಇಷ್ಟೆಲ್ಲ ಗೊತ್ತಿದ್ದೂ ನಾನು ಆ ಬೂಟನ್ನು ಲಕ್ಷ್ಮೇಶ್ವರದ ಮನೆಗೆ ತಂದೆ. ತೊಟ್ಟು ಓಡಾಡಿ ಪಳಗಿಸಿಕೊಳ್ಳಬೇಕಿತ್ತಂತೆ. ಪಡಸಾಲೆಯಲ್ಲಿ ಬನಿಯನ್ನು, ಲುಂಗಿ, ಕೆಳಗೆ ನೇರಳೆ ಬೂಟು. ದಡ್ ದಡ್ ಎಂದು ನಡೆಯುತ್ತಿದ್ದರೆ ನನ್ನ ಅವ್ವ ತಲೆ ಚಚ್ಚಿಕೊಂಡಳು. ಆಯಿ ಮಾತ್ರ ನಗಲಿಲ್ಲ. ಮರುದಿನ ಬೆಳಿಗ್ಗೆ, ಮೂಲೆಯಲ್ಲಿಟ್ಟಿದ್ದ ಬೂಟಿನ ಮುಂದೆ ಕೂತು ಒಳಗೆ ಕೈಯಿಟ್ಟಳು. ತುಂಬ ಹೊತ್ತು ತೆಗೆಯಲಿಲ್ಲ.

"ಇವು ಹಿಮದಾಗ ನಡ್ಯಾಕ ಏನಲೇ?"

"ಹೂಂ ಆಯಿ."

"ಯಾರೋ ಮೆಟ್ಟ್ಯಾರ ಇವನ್ನ."

"ಹಳೇವು ಆಯಿ. ಯಾರೋ ಹಾಕ್ಕೊಂಡು ಮಾರ್‍ಯಾರ."

"ಹಳೇದಲ್ಲ, ಈಗ ಮೆಟ್ಟ್ಯಾರ. ಒಳಗ ಇನ್ನೂ ಬೆಚ್ಚಗ ಐತಿ."

ರಾತ್ರಿಯೆಲ್ಲ ಅದು ತಣ್ಣನೆಯ ಕಲ್ಲಿನ ಮೇಲೆ ಇತ್ತು. ನಾನು ನಗಲು ಹೋದೆ. ಬರೀ ಹಲ್ಲು ಕಂಡವು, ನಗು ಬರಲಿಲ್ಲ.

ಆ ದಿನ ಶನಿವಾರ. ಸಂಜೆ ಕಟಿಂಗ್ ಮಾಡಿಸಿಕೊಂಡು ಬಂದರೆ ಮೂಲೆ ಖಾಲಿ. ಬೂಟಿನ ಪೀಡೆ ಬಿಡಿಸಲು ಆಯಿ ಅದನ್ನು ಹನುಮಪ್ಪನ ಗುಡಿಗೆ ಒಯ್ದಳೆಂದು ಅವ್ವ ಹೇಳಿದಳು. ಕಾಲಿಗೆ ಅಂಟಿದ ಶನಿ ಬಿಡಲೆಂದು ಶನಿವಾರ ಗುಡಿಯ ಮೆಟ್ಟಿಲ ಬಳಿ ಕಾಲ್ಮರಿ ಬಿಟ್ಟು ಬರುವುದು ನಮ್ಮ ಕಡೆಯ ರೂಢಿ. ಹಾಗೆ ಬಿಟ್ಟದ್ದನ್ನು ಯಾರೂ ಮುಟ್ಟುವುದಿಲ್ಲ. ಮುಟ್ಟಿದರೆ ಬಿಟ್ಟವರ ಪೀಡೆ ಮುಟ್ಟಿದವರ ಬೆನ್ನು ಹತ್ತುತ್ತದೆ. ಇನ್ನೆರಡು ದಿನದಲ್ಲಿ ನನ್ನ ರೈಲು. ನಾನು ಓಡಿದೆ.

ದೀಪ ಹಚ್ಚುವ ಹೊತ್ತು. ಗುಡಿಯ ಕಟ್ಟೆಯ ಮೇಲೆ ಮುದುಕ ಪೂಜಾರಿ ಕೈಯಲ್ಲಿ ಕೀಲಿ ಹಿಡಿದು ಕೂತಿದ್ದರು. ಮೆಟ್ಟಿಲ ಪಕ್ಕದಲ್ಲಿ ನೇರಳೆ ಬೂಟು, ಮೂತಿ ಗುಡಿಯ ಕಡೆಗೆ, ಅಕ್ಕಪಕ್ಕ ಒಪ್ಪವಾಗಿ.

"ಯಾಕ್ರೀ ಅಜ್ಜಾರ, ಹೊರಗ ಕುಂತೀರಿ?"

"ಕದಾ ಹಾಕಬೇಕಾಗೇತಿ. ಒಳಗ ಮಂದಿ ಅದಾರಲಾ."

"ಯಾರದಾರ್ರಿ?"

"ನಿಮ್ಮ ಆಯಿ. ಆಕಿ ಶನಿವಾರ ಬರಿಗಾಲಾಗ ಬರತಾಳ." ಬೂಟಿನ ಕಡೆ ಗದ್ದ ತೋರಿಸಿದರು. "ಇನ್ನ ಇವರು."

"ಅಜ್ಜಾರ, ಅವು ನನ್ನವ್ರೀ."

"ನಿನ್ನ ಕಾಲಾಗ ಚಪ್ಪಲಿ ಅದಾವಲೋ ತಮ್ಮಾ. ಒಬ್ಬಂವ ಎರಡು ಜೋಡಿ ಮೆಟ್ಟಿ ಬರತಾನೇನು?"

ನಾನು ಪೀಡೆಯ ವಿಷಯ ಹೇಳಿದೆ. ಅವರು ಒಪ್ಪಲಿಲ್ಲ. ಪೀಡೆಗೆ ಬಿಡುವವರು ಹೆಬ್ಬೆರಳಿನ ಉಂಗುಷ್ಟ ಹರಿದದ್ದು, ಹಿಮ್ಮಡಿ ಸವೆದದ್ದು ಬಿಡುತ್ತಾರೆ. ಅವನ್ನು ಪೂಜಾರಿಯೇ ಕಸಬರಿಗೆಯಿಂದ ಪಕ್ಕಕ್ಕೆ ತಳ್ಳುತ್ತಾರೆ. ಇಷ್ಟು ಚೆಂದದ್ದನ್ನು ಯಾರೂ ಬಿಟ್ಟುಹೋಗುವುದಿಲ್ಲ. ಕಾಲ್ಮರಿ ಹೊರಗಿದ್ದರೆ ಮನುಷ್ಯ ಒಳಗಿದ್ದಾನೆ, ಅವನು ಬರುವತನಕ ಬಾಗಿಲು ಹಾಕಬಾರದು. ಅವರ ಲೆಕ್ಕ ಅಷ್ಟೇ.

"ನೀವು ನೋಡೀರೇನ್ರಿ ಅವನ್ನ?"

"ನನ್ನ ಕಣ್ಣು ಎಲ್ಲಿ ಕಾಣತಾವು. ಸಪ್ಪಳ ಕೇಳೇನಿ. ನಿಮ್ಮ ಆಯಿ ಸುತ್ತು ಬರತಾಳ. ಆಕಿ ಹಿಂದ ಇನ್ನೊಂದು ಹೆಜ್ಜಿ ಬರತೈತಿ. ಆಕಿ ನಿಂತ್ರ ನಿಲ್ಲತೈತಿ."

ಚಪ್ಪಲಿ ಬಿಟ್ಟು ಒಳಗೆ ಹೋದೆ. ಪ್ರದಕ್ಷಿಣೆಯ ಕಲ್ಲುಹಾಸನ್ನು ಆಗಷ್ಟೇ ತೊಳೆದಿದ್ದರು. ಎಣ್ಣೆ, ನೀರು, ದೀಪದ ಮಬ್ಬು ಬೆಳಕು. ಮೂಲೆ ತಿರುಗಿದರೆ ಮುಂದೆ ಒದ್ದೆ ಹೆಜ್ಜೆಗಳು. ಗಿಡ್ಡ, ಅಗಲ. ಆಯಿಯವು. ಇನ್ನೊಂದು ಮೂಲೆ ತಿರುಗಿದೆ. ಅಲ್ಲಿ ಹೆಜ್ಜೆಗಳು ಎರಡು ಸಾಲು. ಎರಡೂ ಗಿಡ್ಡ, ಎರಡೂ ಅಗಲ. ಪಕ್ಕದ್ದು ಒಂದು ಬೆರಳಿನಷ್ಟು ದೊಡ್ಡದು. ಆಯಿ ಎರಡು ಸುತ್ತು ಬಂದಿರಬೇಕು, ಒದ್ದೆಗೆ ಹೆಜ್ಜೆ ಹರಡಿರಬೇಕು ಎಂದು ನಾನು ನನಗೇ ವಿಜ್ಞಾನ ಹೇಳಿಕೊಂಡೆ. ಹೇಳಿಕೊಳ್ಳುತ್ತಲೇ, ಮೂರ್ಖ, ಆ ದೊಡ್ಡ ಹೆಜ್ಜೆಯ ಮೇಲೆ ನನ್ನ ಕಾಲಿಟ್ಟೆ. ಸುತ್ತ ಒಂದು ಗೆರೆಯಷ್ಟೂ ಉಳಿಯಲಿಲ್ಲ. ಕಲ್ಲು ಮಂಜಿನಂತೆ ಕೊರೆಯುತ್ತಿತ್ತು.

ಗರ್ಭಗುಡಿಯ ಹಿಂದೆ ಆಯಿ ಗೋಡೆಗೆ ಒರಗಿ ಕೂತಿದ್ದಳು, ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಟ್ಟು.

"ಆಯಿ, ನಡಿ ಮನಿಗೆ."

"ಸಾವಕಾಶ ಮಾತಾಡಲೇ. ಈಗ ಕುಂತಾನ."

ನಾನು ಆ ಖಾಲಿ ಜಾಗದಲ್ಲಿ ಕೂರಲಿಲ್ಲ. ಎದುರಿಗೆ ಕುಕ್ಕರಗಾಲಿನಲ್ಲಿ ಕೂತೆ.

"ಪೀಡಾ ಹೋಗಲಿ ಅಂತ ಇಟ್ಟೀ ಏನು?"

"ನಿಮ್ಮವ್ವಗ ಹಂಗ ಹೇಳೇನಿ. ಖರೆ ಹೇಳಿದ್ರ ಅಳತಾಳ." ಸೆರಗಿನಿಂದ ಮೂಗು ಒರೆಸಿಕೊಂಡಳು. "ಇಷ್ಟು ವರ್ಷ ಹುಡುಕಿಸೇನಿ, ಅವನ ಅಳತಿದು ಸಿಗಲಿಲ್ಲ. ಈಗ ಸಿಕ್ಕಾವು, ಒಂದ ಜೋಡಿ. ನೀ ಹಾಕ್ಕೊಂಡು ಹೋದ್ರ ಅಂವ ಬರಿಗಾಲಾಗ ಇರತಾನ. ಅಂವಗ ಕೊಟ್ರ, ಆ ಹಿಮದಾಗ ನಿನ್ನ ಕಾಲು ಏನಾಗತಾವೋ. ನಾ ಒಬ್ಬರ ಹೆಸರು ಹ್ಯಾಂಗ ಹೇಳಲಿ? ಬೂಟು ನಿನ್ನವು. ನೀ ಹೇಳು."

ಎಂಥ ಹೊತ್ತಿನಲ್ಲೂ ಬಾಯಿಗೆ ಮೊದಲು ಚೇಷ್ಟೆಯೇ ಬರುವುದು ನನ್ನ ರೋಗ. "ಕಾಕಾ ಹೂವಿನ ಬೂಟು ಹಾಕ್ಕೋತಾನೇನು?" ಎಂದುಬಿಟ್ಟೆ.

"ಕಾಲು ಸೆಟದಂವ ಬಣ್ಣಾ ನೋಡತಾನೇನಲೇ, ಹುಚ್ಚಪ್ಯಾಲಿ."

ಗಾಳಿ ಇರಲಿಲ್ಲ, ಆದರೂ ದೀಪ ಆ ಖಾಲಿ ಜಾಗದ ಕಡೆಗೆ ಬಾಗಿತು.

"ಇರಲಿ ಬಿಡು. ಕಾಕಾಗ ಇರಲಿ" ಎಂದೆ.

ಆಯಿ ನನ್ನ ತಲೆಯ ಮೇಲೆ ಕೈಯಿಟ್ಟು, ಆ ಕೈ ಊರಿಯೇ ಎದ್ದಳು. ಹೊರಗೆ ಪೂಜಾರಿ ಕೇಳಿದರು, "ಇನ್ನೊಬ್ಬರು?"

"ಬರತಾನ್ರಿ. ಇವತ್ತೊಂದಿನ ಕೀಲಿ ಹಾಕಬ್ಯಾಡ್ರಿ, ಬರೇ ಮುಂದ ಮಾಡ್ರಿ" ಎಂದಳು. ಅವರು ಬಾಗಿಲನ್ನು ಮುಂದೆ ಮಾಡಿದರು, ಅಷ್ಟೇ. ನಾವು ಹಿಂತಿರುಗಿ ನೋಡದೆ ಮನೆಗೆ ಬಂದೆವು.

ಹಿಮದಲ್ಲಿ ನನ್ನ ಪರಾಕ್ರಮ ಕೇಳಬೇಡಿ. ಬಾಡಿಗೆಯ ಬೂಟು ಸಿಕ್ಕಿತು. ಹಿಮ್ಮಡಿ ಒಳಗೆ ಉಯ್ಯಾಲೆಯಾಡಿತು, ಕಿರುಬೆರಳು ಗಾಣಕ್ಕೆ ಬಿತ್ತು. ನಿಂತಲ್ಲೇ ಬಿದ್ದೆ, ಕೂತಲ್ಲೇ ಬಿದ್ದೆ, ಚಹಾ ಅಂಗಡಿಯ ಮುಂದೆ ಸರತಿಯಲ್ಲಿ ನಿಂತಾಗಲೂ ಬಿದ್ದೆ. ಕಡೆಯ ಮಧ್ಯಾಹ್ನ ಮೋಡ ಇಳಿದು ಎಲ್ಲ ಬೆಳ್ಳಗಾಯಿತು. ಬೆರಳುಗಳ ಸುಳಿವೇ ಇಲ್ಲವಾಗಿ, ಗೆಳೆಯರನ್ನು ಕೂಗುತ್ತ, ಬೂಟು ಕಿತ್ತು ಕಾಲು ತಿಕ್ಕುತ್ತ ಕೂತೆ. ಆಗ ಹಿಮ ತುಳಿಯುವ ಸಪ್ಪಳ ಬಂತು. ಕರಕ್, ಕರಕ್. ನಮ್ಮ ಯಾರ ಹೆಜ್ಜೆಯೂ ಹಾಗಿರಲಿಲ್ಲ. ಎಡವುತ್ತಿರಲಿಲ್ಲ, ಕುಂಟುತ್ತಿರಲಿಲ್ಲ, ಬೂಟು ಸರಿಯಾಗಿ ಹೊಂದಿದವರ ನಡಿಗೆ. ಅದು ನನ್ನ ಹತ್ತಿರ ಬಂದು, ಸ್ವಲ್ಪ ನಿಂತು, ಮೇಲಕ್ಕೆ ಹೋಯಿತು. ನಾನು ಕೂಗಲಿಲ್ಲ. ಏನೆಂದು ಕೂಗಲಿ? ಮೋಡ ಸರಿದ ಮೇಲೆ ನೋಡಿದರೆ, ಸುತ್ತ ನಾನು ಬಿದ್ದ ಗುಂಡಿಗಳು ಮಾತ್ರ.

ಸಂಜೆ ಮನೆಗೆ ಫೋನ್ ಮಾಡಿದಾಗ ಅವ್ವ ಎಲ್ಲ ಖಬರು ಹೇಳಿ ಕೊನೆಗೆ, ಗುಡಿಯ ಮುಂದಿನ ಬೂಟು ಬೆಳಿಗ್ಗೆಯಿಂದ ಕಾಣುತ್ತಿಲ್ಲ ಎಂದಳು. ಒಬ್ಬರು ಹೊಸ ಸೈಕಲ್ ಕೊಂಡರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುವ ಜಾಗ ಅದು. ಬಂದ ಮೇಲೆ ವಾರಗಟ್ಟಲೆ ನಾನು ಎಲ್ಲರ ಕಾಲು ನೋಡುತ್ತ ತಿರುಗಿದೆ. ನೇರಳೆ ಬೂಟು ಯಾರ ಕಾಲಲ್ಲೂ ಕಾಣಲಿಲ್ಲ. ಸುದ್ದಿ ಕೇಳಿದ ದಿನ ಆಯಿ ಅಂದದ್ದು ಒಂದೇ ಮಾತಂತೆ: "ಹೊಂದಿರಬೇಕು." ಮುಂದಿನ ಅಮಾವಾಸ್ಯೆಯಲ್ಲಿ, ಅಪ್ಪ ಮಾತು ತೆಗೆಯುವ ಮೊದಲೇ, ಕಾಕಾನ ದಿನ ಮಾಡಿಸಿದಳು. ಕೊಡೆ ಕೊಟ್ಟರು. ಕಾಲ್ಮರಿಯ ಸರದಿ ಬಂದಾಗ, "ಅವು ಅಂವಗ ಮುಟ್ಟ್ಯಾವ" ಎಂದು ಕೈಯಾಡಿಸಿದಳು.

ಈ ಚಳಿಗಾಲ ಮತ್ತೆ ಹೊರಟಿದ್ದೇನೆ, ನಾಚಿಕೆಯಿಲ್ಲದವನು. ನಿನ್ನೆಯ ಅಂಗಡಿಯಲ್ಲಿ ಸಿಕ್ಕದ್ದು ಮಳೆಗಾಲದ ಗಂಬೂಟೇ. ರಾತ್ರಿ ಊಟವಾದ ಮೇಲೆ ಆಯಿಯ ಪಕ್ಕ ಕೂತು ಮೊಬೈಲಿನಲ್ಲಿ ಬೂಟು ಹುಡುಕುತ್ತಿದ್ದೆ. ಅವಳೂ ಕನ್ನಡಕ ಹಾಕಿಕೊಂಡು ಬಗ್ಗಿದಳು. ಇದರ ಮೂತಿ ಚೂಪು, ಇದರ ಹಿಮ್ಮಡಿ ಸಡಿಲ ಎಂದು ಒಂದೊಂದನ್ನೇ ತಳ್ಳಿಹಾಕಿದಳು. ಕಡೆಗೆ ಒಂದರ ಮೇಲೆ ಬೆರಳಿಟ್ಟಳು.

"ಇದು ಅಗಲ ಐತಿ ನೋಡು. ತರಸು."

"ಆತು ಆಯಿ."

"ಎರಡು ಜೋಡಿ ತರಸು."

"ಎರಡ್ಯಾಕ?"

ಆಯಿ ಕನ್ನಡಕ ತೆಗೆದು, ಮಡಿಸಿ, ಡಬ್ಬಿಗೆ ಹಾಕಿದಳು.

"ಅಂವ ನಡದ ಅದಾನಲೇ ತಮ್ಮಾ. ಇಷ್ಟೊತ್ತಿಗೆ ಅವು ಸವದಿರತಾವ."

ಎರಡು ಜೊತೆ ಎಂದು ಒತ್ತಿದೆ.